ವಾಷಿಂಗ್ ಮೆಷಿನ್ ಇಡುವ ಜಾಗ

ಹೊರಡುವ ಮೊದಲೇ ಹೇಳಿಬಿಡಬೇಕಾಗಿತ್ತು. ಬೆಳಿಗ್ಗೆ ಅಂಗಳದಲ್ಲಿ ನಿಂತು ಕಾರಿನ ಗಾಜಿಗೆ ಹಿಡಿದಿದ್ದ ಹಿಮದ ಪೊರೆಯ ಮೇಲೆ ಜಗ್ಗಿನಿಂದ ನೀರು ಸುರಿಯುತ್ತಿದ್ದಾಗ ಹೇಳಬಹುದಿತ್ತು. ಹೆಂಡತಿ ಬ್ರಾನ್ವಿನ್ ಬಾಗಿಲ ಬಳಿ ಕೂತು ಪುಟ್ಟ ಮಗಳು ಪಿಪ್ಪಾಳ ಕಾಲಿಗೆ ಬೂಟು ತುರುಕುತ್ತಿದ್ದಳು, ಮಗ ಹ್ಯೂಗೋ ಒಳಗೆಲ್ಲೋ ಟೊಪ್ಪಿಗೆ ಹುಡುಕುತ್ತಿದ್ದ, ಟ್ಯಾಮ್ಸಿನ್ ಇನ್ನೂ ಬಂದಿರಲಿಲ್ಲ. ನಮಗೆ ಮೂರು ಬರ್ತ್ ಬೇಕು. ನಾಲ್ಕೇ ಮಾತು. ಇಡೀ ವಾರ ಗೋಧಿ ಕಣಜದಲ್ಲಿ ಲಾರಿ ತೂಗುವ ವೇಬ್ರಿಡ್ಜಿನ ಕೋಣೆಯಲ್ಲಿ ಕೂತು, ಒಂದು ಲಾರಿ ಹೋಗಿ ಇನ್ನೊಂದು ಬರುವ ನಡುವೆ ರಸೆಲ್ ಆ ನಾಲ್ಕು ಮಾತನ್ನು ಬೇರೆ ಬೇರೆ ದನಿಯಲ್ಲಿ ಹೇಳಿಕೊಂಡಿದ್ದ. ತಮಾಷೆಯಾಗಿ ಹೇಳಿದರೆ ಹೇಗೆ, ಈಗ ನೆನಪಾಯಿತು ಎಂಬಂತೆ ಹೇಳಿದರೆ ಹೇಗೆ, ಕಾರಿನ ಕೀಲಿ ತಿರುಗಿಸುತ್ತ ಅವಳ ಮುಖ ನೋಡದೆ ಹೇಳಿದರೆ ಹೇಗೆ. ಜುಲೈ ಇಲ್ಲಿ ಚಳಿಗಾಲ, ಲಾರಿಗಳು ಕಡಿಮೆ, ಸಮಯ ಬೇಕಾದಷ್ಟಿತ್ತು. ಅಷ್ಟರಲ್ಲಿ ಗೇಟಿನ ಬಳಿ ಅವನ ಮೊದಲ ಹೆಂಡತಿಯ ಕಾರು ನಿಂತಿತು, ಟ್ಯಾಮ್ಸಿನ್ ಬ್ಯಾಗು ಹೆಗಲಿಗೇರಿಸಿ ಇಳಿದಳು, ಕಾರು ಹಾರ್ನ್ ಕೂಡ ಮಾಡದೆ ಹೋಯಿತು. ಹದಿನಾಲ್ಕು ವರ್ಷದ ಹುಡುಗಿ, ಅಪ್ಪನ ಕಿವಿಯ ಮಟ್ಟಕ್ಕೆ ಬಂದಿದ್ದಾಳೆ. ಎರಡು ವಾರಕ್ಕೊಮ್ಮೆ ನೋಡುವವನಿಗೆ ಪ್ರತಿ ಸಲವೂ ಅದು ಹೊಸದಾಗಿ ಗೊತ್ತಾಗುತ್ತದೆ. ಅವಳು ಹಿಂದಿನ ಸೀಟಿಗೆ ಹೋಗಿ ಹ್ಯೂಗೋ ಮತ್ತು ಪಿಪ್ಪಾರ ಎತ್ತರದ ಸೀಟುಗಳ ನಡುವಿನ ಜಾಗದಲ್ಲಿ ಮೊಣಕಾಲು ಮಡಚಿಕೊಂಡು ಕೂತಳು. ಕ್ಯಾರವಾನು ಮಾರುವ ಅಂಗಡಿಯಿದ್ದ ಬ್ಯಾಲರಾಟ್‌ಗೆ ಎರಡು ಗಂಟೆಯ ದಾರಿ. ರಸೆಲ್ ದಾರಿಯುದ್ದಕ್ಕೂ ಮಂಜಿನ ಬಗ್ಗೆ ಮಾತಾಡಿದ.

ಅಂಗಡಿಯ ಬಯಲಿನಲ್ಲಿ ಕ್ಯಾರವಾನುಗಳು, ಕಾರಿನ ಹಿಂದೆ ಕಟ್ಟಿ ಎಳೆಯುವ ಗಾಲಿಮನೆಗಳು, ಸಾಲಾಗಿ ನಿಂತಿದ್ದವು, ಎಲ್ಲ ಬಿಳಿ, ಎಲ್ಲದರ ಮೂತಿಯೂ ರಸ್ತೆಯ ಕಡೆಗೆ. ಬೇಲಿಯುದ್ದಕ್ಕೂ ಕಟ್ಟಿದ್ದ ಬಾವುಟಗಳು ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿದ್ದವು. ಗೇಟಿನಲ್ಲಿ ಒಂದು ಮೇಜು, ಒಲೆ, ಈರುಳ್ಳಿ ಸುಡುವ ವಾಸನೆ. ಶನಿವಾರ ಒಂದು ಗಂಟೆಗೆ ಬಾಗಿಲು ಹಾಕುತ್ತೇವೆ ಎಂದು ಹಲಗೆಯ ಮೇಲೆ ಬರೆದಿತ್ತು. ಮಾರುವವನ ಹೆಸರು ನೋಯೆಲ್. ಅರವತ್ತು ದಾಟಿದ ಮನುಷ್ಯ, ಈ ಚಳಿಯಲ್ಲೂ ಚಡ್ಡಿ, ಮೊಣಕಾಲಿನವರೆಗೆ ಎಳೆದ ಕಾಲುಚೀಲ. ಒಂದು ಕೈಯಲ್ಲಿ ಚಿಮಟ ಹಿಡಿದೇ ಇನ್ನೊಂದನ್ನು ಕುಲುಕಲು ಮುಂದೆ ಚಾಚಿದ.

"ಬಾ ಗುರು, ಮೊದ್ಲು ಹೊಟ್ಟೆಗೆ ಹಾಕ್ಕೊಳ್ಳಿ. ಹಸಿದ ಮಕ್ಕಳನ್ನ ಕ್ಯಾರವಾನ್ ಒಳಗೆ ಬಿಟ್ರೆ ಹ್ಯಾಂಡಲ್ ಕಿತ್ತು ತಿಂತಾವೆ." ಬ್ರೆಡ್ಡಿನಲ್ಲಿ ಸಾಸೇಜು ಮಡಚಿ ಒಬ್ಬೊಬ್ಬರಿಗೇ ಕೊಟ್ಟ. "ಹೇಳಮ್ಮ, ಎಷ್ಟು ತಲೆ ಮಲಗಬೇಕು?"

"ನಾಲ್ಕು," ಎಂದಳು ಬ್ರಾನ್ವಿನ್. ಆಮೇಲೆ ಟ್ಯಾಮ್ಸಿನ್ ಪಕ್ಕದಲ್ಲೇ ನಿಂತಿರುವುದನ್ನು ಕಂಡು ಅವಳ ಬೆನ್ನ ಮೇಲೆ ಕೈಯಿಟ್ಟಳು. "ನಾಲ್ಕೂವರೆ ಅಂತಿಟ್ಕೊ. ಇವಳು ಎರಡು ವಾರಕ್ಕೊಂದ್ಸಲ ನಮ್ಮ ಹತ್ರ ಇರ್ತಾಳೆ."

"ಅರ್ಧ ತಲೆ ಇರೋವ್ರನ್ನ ಇದೇ ಮೊದ್ಲು ನೋಡ್ತಿರೋದು," ಎಂದ ನೋಯೆಲ್. "ಇಲ್ಲಿ ಯಾವ ಅರ್ಧ ಬಂದಿದೆ ಮಗಾ?"

"ತಿನ್ನೋ ಅರ್ಧ," ಎಂದಳು ಟ್ಯಾಮ್ಸಿನ್, ಬಾಯಿ ತುಂಬ ಬ್ರೆಡ್ಡು.

ಎಲ್ಲರೂ ನಕ್ಕರು. ರಸೆಲ್ ಕೂಡ ನಕ್ಕ, ಎಲ್ಲರಿಗಿಂತ ಜೋರಾಗಿಯೇ ನಕ್ಕ. ನಕ್ಕ ಮೇಲೆ ತನ್ನ ಬಗ್ಗೆ ತನಗೇ ಅಸಹ್ಯವಾಯಿತು. ಬ್ರಾನ್ವಿನ್ ಕೆಟ್ಟವಳಲ್ಲ, ಅದೇ ತೊಂದರೆ. ಕೆಟ್ಟವಳಾಗಿದ್ದರೆ ಜಗಳವಾಡಬಹುದಿತ್ತು. ಅವಳು ಟ್ಯಾಮ್ಸಿನ್‌ಳ ಹುಟ್ಟುಹಬ್ಬ ಮರೆಯುವುದಿಲ್ಲ, ಅವಳು ತಿನ್ನದ ಅಣಬೆಯನ್ನು ಸಾಸಿನಿಂದ ಬೇರೆ ತೆಗೆದಿಡುತ್ತಾಳೆ. ನಾಲ್ಕೂವರೆ ಎನ್ನುವುದು ಅವಳಿಗೆ ಲೆಕ್ಕ ಅಷ್ಟೆ. ಲೆಕ್ಕವೂ ಸರಿಯಾಗಿಯೇ ಇದೆ, ಹದಿನಾಲ್ಕು ದಿನದಲ್ಲಿ ಮೂರು ದಿನ, ಅರ್ಧವೆಂದರೆ ಉದಾರವಾಗಿಯೇ ಹೇಳಿದಂತೆ. ಸಾಸೇಜಿನ ಎಣ್ಣೆ ಬ್ರೆಡ್ಡನ್ನು ತೋಯಿಸಿ ಅವನ ಬೆರಳಿಗೆ ಇಳಿಯುತ್ತಿತ್ತು, ಒರೆಸಿಕೊಳ್ಳಲು ಏನೂ ಸಿಗಲಿಲ್ಲ.

ನೋಯೆಲ್ ತೋರಿಸಿದ ಕ್ಯಾರವಾನಿನೊಳಗೆ ಹೊಸ ಅಂಟಿನ ವಾಸನೆ. ಮುಂದೆ ದೊಡ್ಡ ಹಾಸಿಗೆ, ನಡುವೆ ಒಲೆ ಮತ್ತು ಊಟದ ಮೇಜು, ಹಿಂದೆ ಸ್ನಾನದ ಗೂಡು, ಅದರ ಎದುರಿಗೆ ರೈಲಿನಲ್ಲಿ ಇರುವಂತೆ ಒಂದರ ಮೇಲೊಂದು ಎರಡು ಬರ್ತು. ಬರ್ತುಗಳ ಕಾಲ ಬಳಿ ನೆಲದಿಂದ ಚಾವಣಿಯವರೆಗೆ ಒಂದು ಬೀರು. ಕೆಳಗಿನ ಬಾಗಿಲು ತೆರೆದರೆ ಪುಟ್ಟ ವಾಷಿಂಗ್ ಮೆಷಿನ್, ಅದರ ಗುಂಡು ಗಾಜು ಕಣ್ಣು ಬಿಟ್ಟು ನೋಡುತ್ತಿತ್ತು. ಬ್ರಾನ್ವಿನ್ ಅದರ ಮುಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟಳು. ರೋಬ್‌ನ ಕಡಲ ದಂಡೆಯಲ್ಲಿ ಬೇಸಿಗೆಯ ಆರು ಕ್ರಿಸ್‌ಮಸ್ ರಜೆ ಅವರು ಡೇರೆಯಲ್ಲಿ ಕಳೆದಿದ್ದರು, ಆರೂ ವರ್ಷ ಅವಳು ಮರಳು ಹಿಡಿದ ಟವೆಲು, ಉಚ್ಚೆಯ ಹಾಸು, ಮಕ್ಕಳ ಈಜುಡುಗೆಗಳ ಬುಟ್ಟಿ ಹೊತ್ತು ಶಿಬಿರದ ಒಗೆಯುವ ಕೋಣೆಯ ಮುಂದೆ ಸಾಲು ನಿಂತಿದ್ದಳು. ಆ ಹೊತ್ತಿನಲ್ಲಿ ಗಂಡಸರು ಮೀನು ಹಿಡಿಯಲು ಹೋಗಿರುತ್ತಿದ್ದರು. ರಸೆಲ್ ಕೂಡ ಹೋಗಿರುತ್ತಿದ್ದ. ಈಗ ಅವಳು ಮೆಷಿನಿನ ಬಾಗಿಲನ್ನು ಮೆಲ್ಲಗೆ ತೆರೆದು, ಮುಚ್ಚಿ, ಮತ್ತೆ ತೆರೆದಳು. ಇದನ್ನು ಕಂಡ ಮೇಲೆ ಬೇಡವೆನ್ನಲು ಯಾವ ಗಂಡನಿಗಾದರೂ ಮುಖ ಬೇಕು.

"ಇದೇ ಮಾಡೆಲ್‌ನಲ್ಲಿ ಎರಡು ಥರ ಮಾಡಿಕೊಡ್ತಾರೆ," ಎಂದ ನೋಯೆಲ್. "ಹಿಂಗೆ ಮೆಷಿನ್ ಹಾಕ್ಸಿದ್ರೆ ಎರಡು ಬರ್ತು. ಮೆಷಿನ್ ಬೇಡ ಅಂದ್ರೆ ಈ ಬೀರು ಹೋಗತ್ತೆ, ಬರ್ತು ಉದ್ದ ಆಗತ್ತೆ, ಮೂರನೇದೂ ಕೂರತ್ತೆ. ಫ್ಯಾಕ್ಟರೀಲಿ ಕೆಲಸ ಶುರು ಮಾಡೋಕೆ ಮುಂಚೆ ಹೇಳ್ಬಿಡ್ಬೇಕು. ಇವತ್ತು ಬರೆಸಿದ್ರೆ ಡಿಸೆಂಬರ್ ಮೊದಲ ವಾರ ನಿಮ್ಮನೆ ಮುಂದೆ."

ಈಗ. ಬಾಗಿಲು ತಾನಾಗಿಯೇ ತೆರೆದಿತ್ತು, ಒಳಗೆ ಕಾಲಿಟ್ಟರೆ ಸಾಕಿತ್ತು. ರಸೆಲ್ ಬಾಯಿ ತೆರೆದ. "ಇದರ ಖಾಲಿ ತೂಕ ಎಷ್ಟು?" ಎಂದ.

ನೋಯೆಲ್ ಹೊರಗೆ ಕರೆದೊಯ್ದು ಮೂತಿಯ ಬಳಿ ಬಡಿದಿದ್ದ ತಗಡನ್ನು ತೋರಿಸಿದ. ಎರಡು ಸಾವಿರದ ಮುನ್ನೂರ ನಲವತ್ತು ಕಿಲೋ. ಇದು ಗ್ಯಾಸ್ ಸಿಲಿಂಡರ್ ಸೇರಿಸಿಯೋ ಬಿಟ್ಟೋ, ಎಂದು ಕೇಳಿದ ರಸೆಲ್. ನೀರಿನ ತೊಟ್ಟಿ ತುಂಬಿದರೆ ಎಷ್ಟು? ಮೇಲಿನ ಸೋಲಾರ್ ಫಲಕಗಳು ತಗಡು ಬಡಿದ ಮೇಲೆ ಹಾಕಿದ್ದಲ್ಲವೇ? ಹತ್ತೊಂಬತ್ತು ವರ್ಷ ಅವನು ಮಾಡಿದ್ದು ಇದೇ ಕೆಲಸ, ಲಾರಿಯವರು ಹೇಳುವ ತೂಕ ನಂಬದಿರುವುದು. ನಲವತ್ತು ಕಿಲೋ ಹೆಚ್ಚಾಗಿದ್ದಕ್ಕೆ ಅವನು ಲಾರಿಗಳನ್ನು ಹಿಂದಕ್ಕೆ ಕಳಿಸಿದ್ದಾನೆ, ಪರಿಚಯದವರ ಲಾರಿಗಳನ್ನೂ. ಚಳಿಯಲ್ಲಿ ನಿಂತು ಅರ್ಧ ಗಂಟೆ ಅವನು ಒಂದೊಂದು ಕಿಲೋವನ್ನೂ ಜಗ್ಗಾಡಿದ. ತನ್ನ ದನಿ ಏರುತ್ತಿರುವುದು ಅವನಿಗೇ ಕೇಳಿಸುತ್ತಿತ್ತು. ಪಕ್ಕದ ಕ್ಯಾರವಾನು ನೋಡುತ್ತಿದ್ದ ಮುದುಕ ದಂಪತಿ ತಿರುಗಿ ನೋಡಿದರು.

"ರಸ್, ಸಾಕು ಬಿಡು," ಎಂದಳು ಬ್ರಾನ್ವಿನ್. ಅವಳ ಮುಖ ಕೆಂಪಾಗಿತ್ತು. "ಕಾರು ಮೂರು ಟನ್ ಎಳಿಯತ್ತೆ ಅಂತ ನೀನೇ ಮನೇಲಿ ಹೇಳ್ದೆ. ಏನು ಬೇಕು ನಿಂಗೆ?"

"ಲೆಕ್ಕ ಸರಿ ಇರ್ಬೇಕು."

"ಲೆಕ್ಕದ ಗಂಡಸು ಮನೇಲಿರೋದು ಒಳ್ಳೇದೇ ಬಿಡಮ್ಮ," ಎಂದ ನೋಯೆಲ್, ಮುದುಕ ದಂಪತಿಯ ಕಡೆ ಕಣ್ಣು ಹೊಡೆದು. "ನಮ್ಮಂಥ ಕಳ್ಳರು ಹುಷಾರಾಗಿರ್ತೀವಿ."

ಏನು ಬೇಕು ನಿಂಗೆ? ಹೆಂಡತಿ ನೇರವಾಗಿ ಕೇಳಿದ್ದಳು, ಅವನು ಉತ್ತರ ಕೊಟ್ಟೂ ಆಗಿತ್ತು. ರಸೆಲ್ ಬಗ್ಗಿ ಚಕ್ರದ ಸಂದಿಯನ್ನು ಪರೀಕ್ಷಿಸುವವನಂತೆ ನೋಡತೊಡಗಿದ. ಅಲ್ಯೂಮಿನಿಯಂ ಗೋಡೆಗೆ ಅವನ ಕೈ ತಗುಲಿತು, ತಣ್ಣಗಿತ್ತು. ಮರ್ವ್‌ನ ಕ್ಯಾರವಾನಿನ ಗೋಡೆಯೂ ಹೀಗೆಯೇ ಬೆಳಗಿನ ಹೊತ್ತು ತಣ್ಣಗಿರುತ್ತಿತ್ತು. ಮರ್ವ್ ಎಂದರೆ ಅಪ್ಪ ಬಿಟ್ಟುಹೋದ ಮೇಲೆ ಅಮ್ಮ ಕಟ್ಟಿಕೊಂಡವನು. ಕ್ಯಾರವಾನಿನ ಒಳಗೆ ಮರ್ವ್, ಅಮ್ಮ ಮತ್ತು ಅವರ ಮಗು. ರಸೆಲ್‌ಗೆ ಪಕ್ಕೆಗೆ ಕಟ್ಟಿದ್ದ ಕ್ಯಾನ್ವಾಸ್ ಡೇರೆಯಲ್ಲಿ ಮಡಚುವ ಮಂಚ, ಬಿಯರ್ ಪೆಟ್ಟಿಗೆ ಮತ್ತು ಗಾಳದ ಕೋಲುಗಳ ನಡುವೆ. ಗಂಡುಮಗು, ಗಾಳಿ ಬೆಳಕು ಚೆನ್ನಾಗಿರತ್ತೆ, ಎನ್ನುತ್ತಿದ್ದ ಮರ್ವ್. ಬೆಳಿಗ್ಗೆ ಗೋಡೆಯಾಚೆ ಕೆಟಲು ಕೂಗುತ್ತಿತ್ತು, ಮಗು ಏನೋ ಅನ್ನುತ್ತಿತ್ತು, ಅವರು ಮೂವರೂ ನಗುತ್ತಿದ್ದರು. ಯಾತಕ್ಕೆ ನಗುತ್ತಿದ್ದಾರೆ ಎಂದು ತಿಳಿಯಲು ಅವನು ಗೋಡೆಗೆ ಕಿವಿಯಿಟ್ಟು ಮಲಗುತ್ತಿದ್ದ. ಬಾಗಿಲು ತಟ್ಟಿದರೆ ತೆರೆಯುತ್ತಿದ್ದರು, ಚಹಾ ಕೊಡುತ್ತಿದ್ದರು, ಆದರೆ ತಟ್ಟಬೇಕಾಗಿತ್ತು. ಟ್ಯಾಮ್ಸಿನ್ ಚಿಕ್ಕವಳಿದ್ದಾಗ ಅವನು ಆ ಡೇರೆಯ ಕಥೆಯನ್ನು ಎಷ್ಟೋ ಸಲ ಹೇಳಿದ್ದ. ಪಾಸಮ್ ಒಂದು ಮರದಿಂದ ಇಳಿದು ಡೇರೆಯೊಳಗೆ ನುಗ್ಗಿ ಅವನ ಬ್ರೆಡ್ಡು ಕದ್ದ ಕಥೆ, ಮಳೆಯಲ್ಲಿ ಡೇರೆ ಕುಸಿದು ಮರ್ವ್‌ನ ಬಿಯರು ತೇಲಿದ ಕಥೆ. ಅವಳು ಬಿದ್ದು ಬಿದ್ದು ನಗುತ್ತಿದ್ದಳು.

ಕೊನೆಯ ವರ್ಷದ ಕಥೆಯನ್ನು ಮಾತ್ರ ಹೇಳಿರಲಿಲ್ಲ. ಹದಿನೈದರಲ್ಲಿ ಅವನು ಅಮ್ಮನಿಗೆ ಹೇಳಿದ, ಈ ಸಲ ಕ್ರಿಸ್‌ಮಸ್‌ಗೆ ನಾನು ಬರೋದಿಲ್ಲ, ಪೆಟ್ರೋಲ್ ಬಂಕಿನಲ್ಲಿ ಕೆಲಸ ಸಿಕ್ಕಿದೆ. ಸಿಕ್ಕಿರಲಿಲ್ಲ. ಪಾತ್ರೆ ತೊಳೆಯುತ್ತಿದ್ದ ಅಮ್ಮ ತಿರುಗಿದಳು, ಒಂದು ಕ್ಷಣ ಅವನನ್ನೇ ನೋಡಿದಳು. ಅವಳಿಗೆ ಗೊತ್ತಾಗಿದೆ, ಈಗ ಬೈಯುತ್ತಾಳೆ, ಕೆಲಸವೂ ಬೇಡ ಏನೂ ಬೇಡ, ಹೊರಡು ಎನ್ನುತ್ತಾಳೆ ಎಂದು ಅವನು ಕಾದ. "ಹೌದಾ? ಒಳ್ಳೇದೇ ಆಯ್ತು ಬಿಡು," ಎಂದಳು ಅಮ್ಮ. "ನಿನ್ ಕೈಯಲ್ಲೂ ನಾಲ್ಕು ಕಾಸಿರತ್ತೆ." ಆ ರಜೆಯಲ್ಲಿ ಅವನು ಫ್ರಿಜ್ಜಿನಲ್ಲಿದ್ದ ಹ್ಯಾಮ್ ತಿನ್ನುತ್ತ ಟಿವಿಯಲ್ಲಿ ಐದು ದಿನದ ಟೆಸ್ಟ್ ಪಂದ್ಯ ಪೂರ್ತಿ ನೋಡಿದ. ಆಮೇಲೆ ಯಾವತ್ತೂ ಅವರ ಜೊತೆ ಹೋಗಲಿಲ್ಲ, ಅವರೂ ಕರೆಯಲಿಲ್ಲ.

ಒಳಗಿನಿಂದ ಗದ್ದಲ ಕೇಳಿ ಅವನು ಮೆಟ್ಟಿಲು ಹತ್ತಿದ. ಮೇಲಿನ ಬರ್ತಿನಲ್ಲಿ ಹ್ಯೂಗೋ ಕೂತು ಅದು ತನ್ನದೆಂದು ಘೋಷಿಸುತ್ತಿದ್ದ. ಕೆಳಗಿನದರಲ್ಲಿ ಟ್ಯಾಮ್ಸಿನ್ ಮಲಗಿದ್ದಳು, ಮೊಣಕಾಲು ಮೇಲೆತ್ತಿ, ಬೂಟುಗಳನ್ನು ವಾಷಿಂಗ್ ಮೆಷಿನಿನ ಬೀರುವಿಗೆ ಒತ್ತಿ. ಸುಮ್ಮನೆ ಅಳತೆ ನೋಡುತ್ತಿದ್ದಳು.

"ಅದು ನಂದು, ಏಳು," ಎಂದು ಪಿಪ್ಪಾ ಅವಳ ಜಾಕೆಟ್ ಎಳೆಯುತ್ತಿದ್ದಳು. "ಅಮ್ಮ, ಟ್ಯಾಮ್ ನನ್ ಜಾಗದಲ್ಲಿ ಮಲಗಿದಾಳೆ."

"ಅಕ್ಕ ಸುಮ್ನೆ ನೋಡ್ತಿದಾಳೆ ಚಿನ್ನಾ," ಎಂದಳು ಬ್ರಾನ್ವಿನ್. ನೋಯೆಲ್ ಬಾಗಿಲಲ್ಲಿ ನಿಂತು ಕೈಯಲ್ಲಿದ್ದ ಕಾಗದಗಳನ್ನು ಸರಿಮಾಡಿಕೊಂಡ. ಬ್ರಾನ್ವಿನ್ ರಸೆಲ್‌ನ ಕಡೆ ನೋಡಿದಳು. ಅದು ಕೇಳುವ ನೋಟವೋ ಬೇಡುವ ನೋಟವೋ ಅವನಿಗೆ ತಿಳಿಯಲಿಲ್ಲ. ಅವಳೂ ಇದನ್ನು ಯೋಚಿಸಿದ್ದಾಳೆ, ಅವಳಿಗೂ ಕಷ್ಟವಾಗುತ್ತಿದೆ ಎಂಬಷ್ಟು ಗೊತ್ತಾಯಿತು, ಗೊತ್ತಾಗಿ ಇನ್ನಷ್ಟು ಸಿಟ್ಟು ಬಂತು. ಎಲ್ಲರೂ ಅವನೇ ಹೇಳಲಿ ಎಂದು ಯಾಕೆ ಕಾಯಬೇಕು?

ಟ್ಯಾಮ್ಸಿನ್ ಎದ್ದು ಕೂತಳು. "ನನಗೆ ಹೆಂಗಿದ್ರೂ ಕಾಲು ಹಿಡಿಸಲ್ಲ," ಎಂದಳು. "ನಾನು ಹೊರಗೆ ಕ್ಯಾನ್ವಾಸಿನ ಸ್ವ್ಯಾಗ್ ಹಾಸ್ಕೊಂಡು ಮಲಗ್ತೀನಿ. ಅದೇ ಮಜಾ. ಇವನ ಗೊರಕೆನೂ ಕೇಳಲ್ಲ."

"ನಾನು ಗೊರಕೆ ಹೊಡೆಯಲ್ಲ," ಎಂದ ಹ್ಯೂಗೋ ಮೇಲಿನಿಂದ.

"ಹೊಡೀತೀಯ, ಹಂದಿ ಥರ."

"ನಿಜವಾಗ್ಲೂ ಪರವಾಗಿಲ್ವಾ ಟ್ಯಾಮ್?" ಎಂದಳು ಬ್ರಾನ್ವಿನ್. ಅವಳ ದನಿಯಲ್ಲಿದ್ದ ಹಗುರ ಎಷ್ಟು ಸ್ಪಷ್ಟವಾಗಿತ್ತೆಂದರೆ ರಸೆಲ್ ಮುಖ ತಿರುಗಿಸಿದ. ತಿರುಗಿಸಿದ ಮೇಲೆ ತಿಳಿಯಿತು, ಹಗುರವಾದದ್ದು ಅವಳಿಗೆ ಮಾತ್ರವಲ್ಲ. ಅವನ ಹೆಗಲುಗಳು ಇಳಿದಿದ್ದವು, ಬೆಳಗಿನಿಂದ ಬಿಗಿದಿದ್ದ ದವಡೆ ಸಡಿಲವಾಗಿತ್ತು. ಹೇಳಬೇಕಾದ ಮಾತು ಇನ್ನು ಹೇಳಬೇಕಾಗಿಲ್ಲ, ಮಗಳೇ ಬಿಡಿಸಿಕೊಟ್ಟಳು. ಜಾಣ ಹುಡುಗಿ. ದೊಡ್ಡವರ ಮನೆಗಳಲ್ಲಿ ಎಲ್ಲಿ ಎಷ್ಟು ಜಾಗವಿದೆ ಎಂದು ನೋಡಿಕೊಂಡು ಕೂರುವುದನ್ನು ಅವಳು ಏಳು ವರ್ಷದಿಂದ ಅಭ್ಯಾಸ ಮಾಡಿದ್ದಾಳೆ.

ಆಫೀಸಿನ ಕೋಣೆಯಲ್ಲಿ ಹೀಟರು ಗುಂಯ್ ಎನ್ನುತ್ತಿತ್ತು. ನೋಯೆಲ್ ಒಂದೊಂದೇ ಕೇಳಿ ಗುರುತು ಹಾಕುತ್ತ ಹೋದ. ಪರದೆಯ ಬಣ್ಣ, ಮೇಜಿನ ಬಣ್ಣ. ಬರ್ತು ಎರಡು. ಮೆಷಿನ್, ಹೌದು. ಬ್ರಾನ್ವಿನ್ ಬೂದು ಬಣ್ಣಕ್ಕೂ ಇನ್ನೊಂದು ಬೂದು ಬಣ್ಣಕ್ಕೂ ನಡುವೆ ತುಂಬ ಹೊತ್ತು ಯೋಚಿಸಿದಳು. ಸಹಿ ಹಾಕುವ ಮೊದಲು ಏನಾದರೊಂದು ಪುಕ್ಕಟೆ ಕೇಳುವುದು ಪದ್ಧತಿ. ಕೇಳದಿದ್ದರೆ ಮಾರುವವನಿಗೇ ಬೇಸರವಾಗುತ್ತದೆ. ಸಾಮಾನ್ಯವಾಗಿ ನೀರಿನ ಪೈಪು ಕೇಳುತ್ತಾರೆ, ಅಥವಾ ಹೊರಗೆ ಹಾಸುವ ಚಾಪೆ. ನೋಯೆಲ್ ಪೆನ್ನು ಮೇಜಿನ ಮೇಲಿಟ್ಟು ಕಾದ.

"ಆ ಸ್ವ್ಯಾಗ್ ಹಾಕ್ಕೊಡು," ಎಂದ ರಸೆಲ್. ಗೋಡೆಯ ಬದಿಗೆ ಕ್ಯಾನ್ವಾಸಿನ ಸುರುಳಿ ಹಾಸಿಗೆಗಳನ್ನು ಪಟ್ಟಿ ಬಿಗಿದು ಜೋಡಿಸಿಟ್ಟಿದ್ದರು. "ದೊಡ್ಡದು. ಸೊಳ್ಳೆ ಬಲೆ ಇರೋದು."

"ಅಯ್ಯೋ, ಅದು ನನ್ನ ಹೊಟ್ಟೆ ಮೇಲೆ ಹೊಡೆದ ಹಾಗೆ ಗುರು. ಸಣ್ಣದು ತಗೊ."

"ದೊಡ್ಡದೇ. ಇಲ್ಲಾಂದ್ರೆ ತಗಡಿನ ಮೇಲಿನ ತೂಕದ ಮಾತು ಮತ್ತೆ ಶುರು ಮಾಡ್ತೀನಿ."

ನೋಯೆಲ್ ನಕ್ಕು ಕೈಯೆತ್ತಿದ. ಬ್ರಾನ್ವಿನ್ ನಕ್ಕಳು, ಅವನ ತೋಳು ಹಿಂಡಿದಳು. ರಸೆಲ್‌ಗೆ ಒಂದು ಕ್ಷಣ ತಾನು ಮಗಳಿಗಾಗಿ ಏನೋ ಗೆದ್ದುಕೊಟ್ಟೆ ಅನ್ನಿಸಿತು, ನಿಜವಾಗಿಯೂ ಅನ್ನಿಸಿತು. ಸಹಿ ಹಾಕಿದ. ಸುರುಳಿಯನ್ನು ಹೆಗಲ ಮೇಲೆ ಹೊತ್ತು ತಂದು ಕಾರಿನ ಹಿಂಬದಿಯಲ್ಲಿ ಇಡುವಾಗ ಅದರ ಕ್ಯಾನ್ವಾಸಿನ ವಾಸನೆ ಮೂಗಿಗೆ ಬಡಿಯಿತು. ಮೇಣದ ವಾಸನೆ, ಸೂರ್ಯ ಹುಟ್ಟಿದ ಮೇಲೆ ಒಳಗೆ ಕಾವೇರುವಾಗ ಬರುವ ವಾಸನೆ. ಹದಿನಾಲ್ಕು ಕಿಲೋ ಇರಬಹುದು ಎಂದು ಅವನ ಕೈ ತಾನಾಗಿಯೇ ಲೆಕ್ಕ ಹಾಕಿತು.

"ನಿಂದೇ ಇದು, ಟ್ಯಾಮ್," ಎಂದ.

"ಥ್ಯಾಂಕ್ಸ್ ಅಪ್ಪಾ. ಚೆನ್ನಾಗಿದೆ," ಎಂದಳು ಅವಳು. ಮತ್ತೆ ಎರಡು ಸೀಟುಗಳ ನಡುವೆ ಮೊಣಕಾಲು ಮಡಚಿ ಕೂತಳು.

ಹೆದ್ದಾರಿಗೆ ಬಂದು ಎರಡು ಕಿಲೋಮೀಟರೂ ಆಗಿರಲಿಲ್ಲ. ಪಿಪ್ಪಾ ಆಗಲೇ ನಿದ್ದೆ ಹೋಗಿದ್ದಳು. ಬ್ರಾನ್ವಿನ್ ಮಡಿಲಲ್ಲಿ ಕ್ಯಾರವಾನಿನ ಬಣ್ಣದ ಪುಸ್ತಕ ಹರಡಿಕೊಂಡು ಪರದೆಯ ಬಟ್ಟೆಯ ತುಣುಕನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು.

"ಅಪ್ಪಾ, ಒಂದು ಹೇಳೋದು ಮರೆತೆ," ಎಂದಳು ಟ್ಯಾಮ್ಸಿನ್ ಹಿಂದಿನಿಂದ. "ಬೇಕರಿ ಗೇಲ್ ಇದಾಳಲ್ಲ, ಕ್ರಿಸ್‌ಮಸ್ ರಜಾಕ್ಕೆ ನಂಗೆ ಕೆಲಸ ಕೊಡ್ತೀನಿ ಅಂದಿದಾಳೆ. ಜನವರಿ ಪೂರ್ತಿ. ಅದಕ್ಕೆ ನಾನು ರೋಬ್‌ಗೆ ಬರೋಕಾಗಲ್ವೇನೋ."

ಜುಲೈ ತಿಂಗಳಲ್ಲಿ ಜನವರಿಯ ಕೆಲಸ. ರಸೆಲ್ ಕನ್ನಡಿಯಲ್ಲಿ ನೋಡಿದ. ಅವಳು ಕಿಟಕಿಯಾಚೆ ನೋಡುತ್ತಿರಲಿಲ್ಲ, ಫೋನ್ ನೋಡುತ್ತಿರಲಿಲ್ಲ, ಕನ್ನಡಿಯಲ್ಲಿ ಅವನನ್ನೇ ನೋಡುತ್ತಿದ್ದಳು. ಗೇಲ್‌ಳ ಬೇಕರಿಯಿಂದ ಅವನು ಹದಿನೈದು ವರ್ಷದಿಂದ ದಿನಾ ಬೆಳಿಗ್ಗೆ ಮಾಂಸದ ಪೈ ಕೊಳ್ಳುತ್ತಾನೆ. ಪ್ರತಿ ಡಿಸೆಂಬರ್ ಇಪ್ಪತ್ನಾಲ್ಕಕ್ಕೆ ಅದರ ಬಾಗಿಲಿಗೆ ಅದೇ ಹಳೆಯ ರಟ್ಟು ತೂಗುತ್ತದೆ, ಫೆಬ್ರವರಿಯಲ್ಲಿ ಸಿಗೋಣ ಎಂದು. ಊರಿನಲ್ಲಿ ಎಲ್ಲರಿಗೂ ಗೊತ್ತು.

"ಹೌದಾ?" ಎಂದ ರಸೆಲ್. "ಒಳ್ಳೇದೇ ಆಯ್ತು ಬಿಡು. ನಿನ್ ಕೈಯಲ್ಲೂ ನಾಲ್ಕು ಕಾಸಿರತ್ತೆ."

ಮಾತು ಮುಗಿದ ಮೇಲೆ ಅದು ಅವನಿಗೆ ಕೇಳಿಸಿತು. ಒಂದಕ್ಷರವೂ ಬದಲಾಗಿರಲಿಲ್ಲ. ಕನ್ನಡಿಯಲ್ಲಿ ಟ್ಯಾಮ್ಸಿನ್ ಇನ್ನೂ ನೋಡುತ್ತಿದ್ದಳು, ಇನ್ನೂ ಸ್ವಲ್ಪ ಹೊತ್ತು ನೋಡಿದಳು. ಆ ಸ್ವಲ್ಪ ಹೊತ್ತು ಎಷ್ಟು ಉದ್ದ ಎಂದು ಈ ಕಾರಿನಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ಆಮೇಲೆ ಅವಳು "ಹೂಂ" ಎಂದು ಕಣ್ಣು ಕೆಳಗಿಳಿಸಿದಳು.

ಮುಂದೆ ವೃತ್ತ ಬಂತು. ಹಾರ್ಶಮ್‌ಗೆ, ಮನೆಗೆ ಹೋಗುವ ಕವಲನ್ನು ರಸೆಲ್ ದಾಟಿದ, ಅದರ ನಂತರದ್ದನ್ನೂ ದಾಟಿದ, ವೃತ್ತವನ್ನು ಪೂರ್ತಿ ಸುತ್ತಿ ಬಂದ ದಾರಿಗೇ ಕಾರು ತಿರುಗಿಸಿದ.

"ಎಲ್ಲಿಗೆ ಹೋಗ್ತಿದೀಯ?" ಎಂದಳು ಬ್ರಾನ್ವಿನ್. "ಏನಾದ್ರೂ ಬಿಟ್ಟು ಬಂದ್ವಾ?"

"ಬೇಕರಿ ಜನವರೀಲಿ ಮುಚ್ಚಿರತ್ತೆ, ಟ್ಯಾಮ್," ಎಂದ ರಸೆಲ್.

ಕನ್ನಡಿಯಲ್ಲಿ ಟ್ಯಾಮ್ಸಿನ್ ತಲೆಯೆತ್ತಿದಳು.

"ಗೊತ್ತು," ಎಂದಳು ಟ್ಯಾಮ್ಸಿನ್.

ಬ್ರಾನ್ವಿನ್ ಬಣ್ಣದ ಪುಸ್ತಕವನ್ನು ನಿಧಾನವಾಗಿ ಮುಚ್ಚಿದಳು. ಅವಳಿಗೆ ಹೇಳಬೇಕಾಗಿರಲಿಲ್ಲ. ಆದರೂ ರಸೆಲ್ ಹೇಳಿದ, ಬಹಳ ಜೋರಾಗಿ ಹೇಳಿದ, ಯಾರೋ ವಾದಿಸುತ್ತಿದ್ದಾರೆ ಎಂಬಂತೆ. "ಬಟ್ಟೆ ನಾನು ಒಗೀತೀನಿ. ಬುಟ್ಟಿ ಹೊತ್ಕೊಂಡು ಸಾಲಲ್ಲಿ ನಾನು ನಿಲ್ತೀನಿ. ದಿನಾ. ನಮಗೆ ಮೂರು ಬರ್ತ್ ಬೇಕು."

"ಇದನ್ನ ಅಲ್ಲಿ ಹೇಳೋಕೆ ಏನಾಗಿತ್ತು ನಿಂಗೆ," ಎಂದಳು ಅವಳು. ಅವಳ ಕಣ್ಣು ತುಂಬಿತ್ತು, ಸಿಟ್ಟಿಗೋ ನಾಚಿಕೆಗೋ. "ಬೆಳಿಗ್ಗೆಯಿಂದ ಕಾದೆ ನಾನು. ಕಿಲೋ ಕಿಲೋ ಅಂತ ಜೀವ ತಿಂದೆ."

ರಸೆಲ್ ವೇಗ ಹೆಚ್ಚಿಸಿದ. ಗಡಿಯಾರದಲ್ಲಿ ಒಂದು ಗಂಟೆ ದಾಟಿತ್ತು. ದೂರದಲ್ಲಿ ಬಾವುಟಗಳು ಕಂಡವು, ಒಲೆಯ ಮೇಜನ್ನು ಒಳಗೆ ಸಾಗಿಸಿದ್ದರು. ನೋಯೆಲ್ ಚಡ್ಡಿಯಲ್ಲೇ ನಿಂತು ಗೇಟಿನ ಎರಡನೆಯ ರೆಕ್ಕೆಯನ್ನು ಎಳೆಯುತ್ತಿದ್ದ, ಬೆನ್ನು ರಸ್ತೆಯ ಕಡೆಗಿತ್ತು. ರಸೆಲ್ ಹಾರ್ನಿನ ಮೇಲೆ ಅಂಗೈ ಒತ್ತಿದ. ಪಿಪ್ಪಾ ಬೆಚ್ಚಿ ಎದ್ದು ಅಳತೊಡಗಿದಳು. ಅವನು ಕೈ ತೆಗೆಯಲಿಲ್ಲ.